'ಕೊಡ್ಬಳೆ' ಅನ್ನೋ ಪದ ನಿಮ್ಮ ಪೇಪರ್‌ಗೆ ಬಂದಿದ್ದು ಹೆಂಗೆ ಅಂತ ಹೇಳ್ಬಿಡ್ತೀನಿ

ಸಂಪಾದಕರಿಗೆ ನಮಸ್ಕಾರ,

ಹಾಸನದಿಂದ ಬರೀತಿದೀನಿ ಸರ್. ನಮ್ದು ಸೌಂಡ್ ಸರ್ವಿಸ್, ಮದ್ವೆ, ಆರ್ಕೆಸ್ಟ್ರಾ, ಗಣಪತಿ, ಸ್ಕೂಲ್ ಡೇ ಎಲ್ಲಕ್ಕೂ ಮೈಕು ಬಾಕ್ಸು ಬಾಡಿಗೆಗೆ ಕೊಡ್ತೀವಿ. ಗೋಡೌನ್‌ಗೆ ಬರೋ ಪೇಪರ್ ನಿಮ್ಮದೇ, ವರ್ಷಗಟ್ಲೆಯಿಂದ ಓದ್ತಿದೀನಿ, ಆದ್ರೆ ಪತ್ರ ಬರೀತಿರೋದು ಇದೇ ಮೊದ್ಲು. ಹೋದ ವಾರ ನಿಮ್ಮ ಯುವಪುಟದಲ್ಲಿ ಈಗಿನ ಹುಡುಗ್ರು ಮಾತಾಡೋ ಪದಗಳು ಅಂತ ಒಂದು ಬಾಕ್ಸ್ ಹಾಕಿದ್ರಲ್ಲ, ಹದಿನೆಂಟು ಪದ, ಪಕ್ಕದಲ್ಲಿ ಅರ್ಥ, ಕೆಳಗಡೆ ಹೆಡ್‌ಫೋನ್ ಹಾಕ್ಕೊಂಡು ನಗ್ತಿರೋ ಹುಡುಗಿ ಫೋಟೋ, ಅದ್ರ ಬಗ್ಗೆನೇ ಈ ಪತ್ರ. ಆ ಹದಿನೆಂಟರಲ್ಲಿ ಆರಕ್ಕೆ ಅರ್ಥ ತಪ್ಪು. ಇನ್ನೆರಡು ಪದ ಈ ಭೂಮಿ ಮೇಲೇ ಇರ್ಲಿಲ್ಲ. ಇಷ್ಟು ಗ್ಯಾರಂಟಿಯಾಗಿ ಹೆಂಗೆ ಹೇಳ್ತೀಯ ಅಂತ ಕೇಳ್ಬೋದು ನೀವು. ಆ ಎರಡೂ ಹುಟ್ಟಿದ್ದು ನಮ್ಮ ಗೋಡೌನ್‌ನಲ್ಲೇ ಸರ್, ನನ್ನ ಕಣ್ಮುಂದೆ, ಒಂದು ಸಾಯಂಕಾಲ ಐದೂವರೆಗೆ.

ಆಗಿದ್ದು ಇಷ್ಟು. ನಮ್ಮಕ್ಕನ ಮಗಳು ಮೈಸೂರಲ್ಲಿ ಸೆಕೆಂಡ್ ಪಿಯು ಓದ್ತಾಳೆ, ರಜಕ್ಕೆ ಅಂತ ಅಜ್ಜಿ ಮನೆಗೆ ಬಂದಿದ್ಲು. ನಾನು ಕೂತ್ಕೊಂಡು ಮೈಕ್ ಕೇಬಲ್‌ಗೆ ಪಿನ್ ಬೆಸುಗೆ ಹಾಕ್ತಿದ್ದೆ, ಒಂದು ಮದ್ವೇಲಿ ಯಾರೋ ಪುಣ್ಯಾತ್ಮ ಟ್ರಾಲಿ ಹತ್ತಿಸಿ ನಾಲ್ಕು ಕೇಬಲ್ ಕಿತ್ತಾಕಿದ್ದ. ಅವಳಿಗೆ ಫೋನ್ ಬಂತು. ಅವಳ ಫ್ರೆಂಡ್ ಅಣ್ಣನ ಕಡೆಯಿಂದ ನಂಬರ್ ಸಿಕ್ತಂತೆ, ನಿಮ್ಮ ಕಡೆಯವರೇ. ನೀವು ನೀವು ಏನೇನ್ ಪದ ಯೂಸ್ ಮಾಡ್ತೀರ ಹೇಳಮ್ಮ ಅಂದ್ರು. ಇವಳು ಸ್ಪೀಕರ್‌ಗೆ ಹಾಕಿ ಪಾಪ ಒಂದೊಂದೇ ನೆಟ್ಟಗೆ ಹೇಳಿದ್ಲು, ರಿಝ್ ಅಂದ್ರೆ ಎದುರಿನವರನ್ನ ಮರುಳು ಮಾಡೋ ಮೋಡಿ, ಡೆಲುಲು ಅಂದ್ರೆ ಭ್ರಮೇಲಿ ತೇಲೋದು ಅಂತ. ಹದಿನಾರು ಆಗೋ ಹೊತ್ತಿಗೆ ಸುಸ್ತಾದ್ಲು. ಆ ಕಡೆಯಿಂದ 'ಇನ್ನೆರಡು ಬೇಕಮ್ಮ, ಬಾಕ್ಸ್ ತುಂಬ್ಬೇಕು, ಸ್ವಲ್ಪ ಕನ್ನಡದ್ದೂ ಇದ್ರೆ ಹೇಳು' ಅಂದ್ರು. ಅವಳೆದುರಿಗೆ ಅಮ್ಮ ಇಟ್ಟೋಗಿದ್ದ ತಟ್ಟೆ ಇತ್ತು, ಅದ್ರಲ್ಲಿ ಕೊಡ್ಬಳೆ. ನನ್ನ ಮುಖ ನೋಡಿದ್ಲು, ತಟ್ಟೆ ನೋಡಿದ್ಲು, 'ಕೊಡ್ಬಳೆ ಅಂತೀವಿ ಸರ್, ಅಂದ್ರೆ ಆನ್‌ಲೈನ್‌ನಲ್ಲಿ ಜಗಳ ಸುತ್ತಿ ಸುತ್ತಿ ಶುರುವಾದ ಜಾಗಕ್ಕೇ ಬಂದು ಅಂಟ್ಕೊಳ್ತಲ್ಲ, ಅದು' ಅಂದ್ಬಿಟ್ಲು. ನನ್ನ ಕೈಯಲ್ಲಿ ಸೋಲ್ಡರಿಂಗ್ ಐರನ್, ನಗೋ ಹಂಗೂ ಇಲ್ಲ. ಇನ್ನೊಂದು ಅಂದ್ರು. 'ಸೈಲೆಂಟ್ ಸಾರು, ಅಂದ್ರೆ ಮೆಸೇಜ್ ಓದಿ ಬ್ಲೂ ಟಿಕ್ ಬಂದಿರುತ್ತೆ, ರಿಪ್ಲೈ ಮಾತ್ರ ಬರಲ್ಲ.' ಆ ಕಡೆಯವರು ಅಕ್ಷರ ಅಕ್ಷರ ಕೇಳಿ ಬರ್ಕೊಂಡ್ರು. ಸಾರು ಅಂದ್ರೆ ಊಟದ ಸಾರೇನಮ್ಮ ಅಂತ ಕೂಡ ಕೇಳಿದ್ರು. ಹೂಂ ಸರ್ ತಿಳಿ ಸಾರು ಅಂದ್ಲು.

ನಾನು ತಡೀಬೇಕಿತ್ತು, ಒಪ್ತೀನಿ. ತಡೀಲಿಲ್ಲ. ಫೋನ್ ಇಟ್ಟ ಮೇಲೆ ನಾನೇ ಜಾಸ್ತಿ ನಕ್ಕಿದ್ದು. ಇದನ್ನ ಯಾರ್ ಪ್ರಿಂಟ್ ಮಾಡ್ತಾರೆ ಅಂದ್ಕೊಂಡ್ವಿ, ನೀವು ಮಾಡಿದ್ರಿ, ಅದೂ ಬೋಲ್ಡ್ ಅಕ್ಷರದಲ್ಲಿ. ಅದಕ್ಕೇ ಈ ಪತ್ರದ ಕೆಳಗೆ ನನ್ನ ಹೆಸರು ಹಾಕ್ಬೇಡಿ, ಹುಡುಗಿ ಯಾರು ಅಂತ ಅವರ ಕಾಲೇಜಲ್ಲಿ ಗೊತ್ತಾಗ್ಬಿಡತ್ತೆ.

ಬೇಜಾರ್ ಮಾಡ್ಕೋಬೇಡಿ, ಈ ವಿಷ್ಯದಲ್ಲಿ ನಿಮಗಿಂತ ದೊಡ್ಡೋರೇ ಟೋಪಿ ಹಾಕಿಸ್ಕೊಂಡಿದಾರೆ. ನಾನು ಹತ್ತಿಪ್ಪತ್ತು ವರ್ಷದ ಹಿಂದೆ ಬೆಂಗಳೂರಲ್ಲಿದ್ದಾಗ ಪಕ್ಕಾ ಮೆಟಲ್ ಹುಡುಗ, ಅಂದ್ರೆ ಅಬ್ಬರದ ಹೆವಿ ಮೆಟಲ್ ರಾಕ್ ಹುಚ್ಚು, ಕೂದಲು ಇಷ್ಟುದ್ದ, ಕಪ್ಪು ಟೀಶರ್ಟ್ ಬಿಟ್ರೆ ಬೇರೆ ಬಣ್ಣ ಇಲ್ಲ, ಆಗ ಕೇಳಿದ ಕಥೆ ಇದು. 1992ರಲ್ಲಿ ಅಮೆರಿಕದ ಸಿಯಾಟಲ್ ಊರಿನ ಗ್ರಂಜ್ ಅನ್ನೋ ಒರಟು ರಾಕ್ ಮ್ಯೂಸಿಕ್ ಜಗತ್ತೆಲ್ಲ ಹಬ್ಬಿತ್ತು, ನಿರ್ವಾನ, ಪರ್ಲ್ ಜಾಮ್ ಎಲ್ಲ. ನ್ಯೂಯಾರ್ಕ್ ಟೈಮ್ಸ್‌ನವರಿಗೆ ಈ ಹುಡುಗ್ರು ಏನೇನ್ ಪದ ಮಾತಾಡ್ತಾರೋ ಒಂದು ಪಟ್ಟಿ ಮಾಡ್ಬೇಕು ಅನ್ನಿಸ್ತು. ಸಬ್ ಪಾಪ್ ಅಂತ ಒಂದು ರೆಕಾರ್ಡ್ ಕಂಪನಿಗೆ ಫೋನ್ ಮಾಡಿದ್ರು, ಅವರು ಮೇಗನ್ ಜಾಸ್ಪರ್ ಅನ್ನೋಳನ್ನ ತೋರಿಸಿದ್ರು, ಮೊದ್ಲು ಅಲ್ಲಿ ರಿಸೆಪ್ಶನಿಸ್ಟ್ ಆಗಿದ್ದೋಳು, ಇಪ್ಪತ್ತೈದು ವರ್ಷ. ನಿಜ ಹೇಳ್ಬೇಕಂದ್ರೆ ಆ ಗ್ರಂಜ್ ಹುಡುಗ್ರಿಗೆ ಅಂತ ಬೇರೆ ಭಾಷೆ ಯಾವ್ದೂ ಇರ್ಲಿಲ್ಲ. ಅವಳು ಏನ್ ಮಾಡಿದ್ಲು, ನೀವು ಮಾಮೂಲಿ ಪದ ಹೇಳಿ, ಅದಕ್ಕೆ ನಮ್ಮ ಗ್ರಂಜ್ ಪದ ಏನು ಅಂತ ನಾನು ಹೇಳ್ತೀನಿ ಅಂದ್ಲು. ಸುಮ್ನೆ ಫ್ರೆಂಡ್ಸ್ ಜೊತೆ ಅಡ್ಡಾಡೋದಕ್ಕೆ 'ಸ್ವಿಂಗಿನ್ ಆನ್ ದ ಫ್ಲಿಪಿಟಿ ಫ್ಲಾಪ್' ಅಂದ್ಲು. ಮಂಕುದಿಣ್ಣೆಗೆ 'ಲೇಮ್‌ಸ್ಟೇನ್'. ಕೆಲ್ಸಕ್ಕೆ ಬಾರದೋನಿಗೆ 'ಕಾಬ್ ನಾಬ್ಲರ್'. ಹರಿದ ಹಳೇ ಜೀನ್ಸ್‌ಗೆ 'ವ್ಯಾಕ್ ಸ್ಲ್ಯಾಕ್ಸ್'. ಹೇಳ್ತಾ ಹೇಳ್ತಾ ಆ ವರದಿಗಾರ ಈಗ ನಗ್ತಾನೆ ಆಗ ನಗ್ತಾನೆ ಅಂತ ಕಾಯ್ತಿದ್ಲಂತೆ, ಪುಣ್ಯಾತ್ಮ ನಗ್ಲೇ ಇಲ್ಲ, ಬರ್ಕೊಂಡೇ ಹೋದ. ನವೆಂಬರ್ 15ಕ್ಕೆ ಅಚ್ಚಾಯ್ತು. ಆಮೇಲೆ ದಿ ಬ್ಯಾಫ್ಲರ್ ಅನ್ನೋ ಚಿಕ್ಕ ಮ್ಯಾಗಜೀನ್‌ನ ಥಾಮಸ್ ಫ್ರ್ಯಾಂಕ್ ಇದೆಲ್ಲ ಓಳು ಅಂತ ಬರೆದ. ಅದಕ್ಕೆ ಟೈಮ್ಸ್‌ನವರು ಮೊದ್ಲು ಅವನೇ ತಮಾಷೆ ಮಾಡ್ತಿದಾನೆ ಅಂದ್ಕೊಂಡು ಕ್ಷಮೆ ಕೇಳು ಅಂತ ಕೂತ್ರಂತೆ! ಆ ಹುಡುಗಿ ಏನಾದ್ಲು ಅಂದ್ರೆ, ಅದೇ ಸಬ್ ಪಾಪ್‌ಗೆ ಮುಂದೆ ಸಿಇಒ ಆದ್ಲು. ಇದನ್ನ ನಮ್ಮ ಹುಡುಗಿಗೆ ಹೇಳಿದ್ದು ತಪ್ಪಾಯ್ತು ಅನ್ಸತ್ತೆ, ಆವತ್ತಿಂದ ಕಾಲರ್ ಎತ್ಕೊಂಡು ಓಡಾಡ್ತಿದಾಳೆ.

ಸರಿ, ಮೇಗನ್ ಹೇಳಿದ್ದು ಸುಳ್ಳು, ನಮ್ಮ ಹುಡುಗಿ ಹೇಳಿದ್ದೂ ಎರಡು ಸುಳ್ಳು. ಆದ್ರೆ ನಿಮ್ಮ ಬಾಕ್ಸ್‌ನಲ್ಲಿ ನನಗೆ ಹೊಟ್ಟೆ ಉರಿದಿದ್ದು ಆ ಎರಡಕ್ಕಲ್ಲ. ಅವಳು ನಿಜ ಹೇಳಿದ್ದನ್ನ ನೀವು ಡೆಸ್ಕ್‌ನಲ್ಲಿ ಕೂತು ಬದಲಾಯಿಸಿದ್ದೀರಲ್ಲ, ಅದಕ್ಕೆ. ಒಂದೊಂದಾಗಿ ಹೇಳ್ತೀನಿ, ನನ್ನ ಕಿವಿ ಮುಂದೆನೇ ಹೇಳಿದ್ದು ಅವಳು.

'ನೋ ಕ್ಯಾಪ್' ಅಂದ್ರೆ ಮಿತಿ ಇಲ್ಲದ್ದು ಅಂತ ಹಾಕಿದೀರ. ಅಲ್ಲ ಸರ್. ಕ್ಯಾಪ್ ಅಂದ್ರೆ ಸುಳ್ಳು, ಬುರುಡೆ. ನೋ ಕ್ಯಾಪ್ ಅಂದ್ರೆ ನಿಜ್ವಾಗ್ಲೂ, ದೇವ್ರಾಣೆ. ಅಟ್ಲಾಂಟಾ ಕಡೆ ರ‍್ಯಾಪ್ ಹುಡುಗ್ರಿಂದ ಊರೆಲ್ಲ ಹರಡಿದ್ದು. ಇದನ್ನ ಕನ್ನಡದಲ್ಲಿ ಹೇಳೋಕೆ ನಿಮಗೆ ಡಿಕ್ಷನರಿನೇ ಬೇಕಿರ್ಲಿಲ್ಲ, ನಮ್ಮಲ್ಲಿ ಟೋಪಿ ಹಾಕೋದು ಅಂತಿಲ್ವಾ? 'ಟೋಪಿ ಹಾಕ್ತಿಲ್ಲ ಗುರು' ಅಂದ್ರೆ ಮುಗೀತು. ಎರಡಕ್ಕೂ ಸಂಬಂಧ ಇಲ್ಲ, ಅಲ್ಲಿಯ ಕ್ಯಾಪು ಬೇರೆ ಇಲ್ಲಿಯ ಟೋಪಿ ಬೇರೆ, ಆದ್ರೆ ಬಾಗಿಲಿಗೆ ಬಂದು ನಿಂತಿರೋ ಪದನ ಒಳಗೆ ಕರೀದೇ ಮಿತಿ ಗಿತಿ ಅಂತ ಹಾಕಿದೀರಲ್ಲ ಅಂತ ಸಂಕಟ.

'ಡ್ರಿಪ್' ಅಂದ್ರೆ ಸುಸ್ತಾಗಿರೋದು, ಡ್ರಿಪ್ ಹಾಕಿಸ್ಕೊಳ್ಳೋ ಸ್ಥಿತಿ ಅಂತೆ. ಇದನ್ನ ಬರ್ದೋರು ಆವತ್ತು ಗ್ಲೂಕೋಸ್ ಹಾಕಿಸ್ಕೊಂಡು ಬಂದಿದ್ರೋ ಏನೋ. ಡ್ರಿಪ್ ಅಂದ್ರೆ ಹಾಕಿರೋ ಬಟ್ಟೆ, ಶೂ, ಚೈನು ಎಲ್ಲ ಸೇರಿ ಒಂದು ಗತ್ತು. ಶೋಕಿ ಅಂತಾರಲ್ಲ ನಮ್ಮ ಕಡೆ, ಅದೇ.

'ಗೋಟ್' ಅಂದ್ರೆ ಮೇಕೆ, ಪೆದ್ದ. ಇದು ನೋಡಿ ನಮ್ಮ ಅಸಿಸ್ಟೆಂಟ್ ಹುಡುಗ ಪೇಪರ್ ತಿರುಗಿಸಿ ಕ್ರೀಡಾ ಪುಟ ತೋರಿಸ್ದ, ಅಲ್ಲಿ ಅದೇ ದಿನ ಕೊಹ್ಲಿನ ಗೋಟ್ ಅಂತ ಹೊಗಳಿ ಹೆಡ್ಡಿಂಗ್ ಹಾಕಿದೀರ! ಒಂದೇ ಪೇಪರ್ ಸರ್, ಎಂಟು ಪುಟ ದೂರ ಅಷ್ಟೇ. ನಮ್ಮಲ್ಲಿ ಕುರಿ ಮಾಡೋದು ಅಂದ್ರೆ ಮಂಗ ಮಾಡೋದು ಅಂತ ಇರೋದ್ರಿಂದ ಮೇಕೆನೂ ಅದೇ ಲೆಕ್ಕ ಅಂದ್ಕೊಂಡ್ರೇನೋ. ಅದು ಗ್ರೇಟೆಸ್ಟ್ ಆಫ್ ಆಲ್ ಟೈಮ್ ಅನ್ನೋದ್ರ ಮೊದ್ಲಕ್ಷರಗಳು. ಬಾಕ್ಸರ್ ಮುಹಮ್ಮದ್ ಅಲಿ ನಾನೇ ಗ್ರೇಟೆಸ್ಟ್ ಅಂತಿದ್ರಲ್ಲ, ಅವರ ಹೆಂಡತಿ ಲಾನಿ ಅಲಿ 1992ರಲ್ಲಿ ಈ ನಾಲ್ಕಕ್ಷರದ ಹೆಸರಲ್ಲೇ ಕಂಪನಿ ರಿಜಿಸ್ಟರ್ ಮಾಡಿಸಿದ್ರು. 2000ದಲ್ಲಿ ಎಲ್‌ಎಲ್ ಕೂಲ್ ಜೆ ಅನ್ನೋ ರ‍್ಯಾಪರ್ ತನ್ನ ಆಲ್ಬಮ್‌ಗೆ ಅದೇ ಹೆಸರಿಟ್ಟ ಮೇಲೆ ಹುಡುಗ್ರ ಬಾಯಿಗೆ ಬಂತು.

'ಸ್ಟ್ಯಾನ್' ಅಂದ್ರೆ ಒಬ್ಬರ ಪರ ಸ್ಟ್ಯಾಂಡ್ ತಗೊಳ್ಳೋದು ಅಂತ ಹಾಕಿರೋದು ಓದೋಕೆ ಸರಿ ಅನ್ಸತ್ತೆ, ಅದೇ ಡೇಂಜರ್. ಎಮಿನೆಮ್ ಅನ್ನೋ ರ‍್ಯಾಪರ್ 2000ದಲ್ಲಿ ಒಂದು ಹಾಡು ಮಾಡ್ದ, ಅದ್ರಲ್ಲಿ ಸ್ಟ್ಯಾನ್ ಅಂತ ಒಬ್ಬ ಹುಚ್ಚು ಅಭಿಮಾನಿ, ಕಾಗದದ ಮೇಲೆ ಕಾಗದ ಬರೀತಾನೆ, ಉತ್ತರ ಬರಲ್ಲ, ಕೊನೆಗೆ ಏನೇನೋ ಅನಾಹುತ ಮಾಡ್ಕೋತಾನೆ. ಆ ಹೆಸರೇ ಪದ ಆಯ್ತು. ಮೊದ್ಲು ಬೈಗುಳ, 2001ರಲ್ಲಿ ನಾಸ್ ಅನ್ನೋ ರ‍್ಯಾಪರ್ ಜೇ ಝೀ ಅನ್ನೋ ಇನ್ನೊಬ್ಬ ರ‍್ಯಾಪರ್ನ ಹಾಡಲ್ಲೇ ಸ್ಟ್ಯಾನ್ ಅಂತ ಬೈದಿದ್ದ. ಈಗ ನಮ್ಮ ಹುಡುಗಿ ತಾನು ಇಂಥ ಕೊರಿಯನ್ ಬ್ಯಾಂಡ್‌ನ ಸ್ಟ್ಯಾನ್ ಮಾಡ್ತೀನಿ ಅಂತ ಹೆಮ್ಮೆಯಿಂದ ಹೇಳ್ತಾಳೆ. ನೋಡಿ, ರಾಜ್‌ಕುಮಾರ್ ಅಭಿಮಾನಿಗಳನ್ನ ದೇವರುಗಳು ಅಂತ ಕರೆದ್ರು, ಅಲ್ಲಿಯವರು ಅಭಿಮಾನಿಗೆ ಒಬ್ಬ ತಲೆಕೆಟ್ಟೋನ ಹೆಸರಿಟ್ರು. ಎರಡೂ ನಿಜ ಅನ್ಸತ್ತೆ ನನಗೆ, ಸ್ಟೇಜ್ ಪಕ್ಕ ನಿಂತು ನೋಡಿರೋನು ನಾನು.

'ಸ್ಲೇ' ಅಂದ್ರೆ ಕೊಲ್ಲು, ಹಿಂಸೆಯ ಪದ, ಪೋಷಕರು ಗಮನಿಸಿ. ಅಯ್ಯೋ ಸರ್! ನ್ಯೂಯಾರ್ಕ್‌ನಲ್ಲಿ ಕಪ್ಪು ಜನ, ಲ್ಯಾಟಿನೋ ಜನ, ಅದ್ರಲ್ಲೂ ಗೇ ಮತ್ತು ಟ್ರಾನ್ಸ್ ಹುಡುಗ್ರು ಹುಡುಗೀರು, ಹೊರಗಡೆ ಎಲ್ಲೂ ಜಾಗ ಸಿಗದೇ ಇದ್ದೋರು, ತಮ್ಮದೇ ಬಾಲ್‌ರೂಮ್ ಪೈಪೋಟಿ ನಡೆಸ್ತಿದ್ರು, ಡ್ರೆಸ್ ಹಾಕ್ಕೊಂಡು ನಡಿಯೋದು, ಕುಣಿಯೋದು. ಅಲ್ಲಿ ಯಾರಾದ್ರೂ ಬಂದು ಸಭೆನ ಬಾಯಿ ಬಿಡೋ ಹಂಗೆ ಮಾಡಿದ್ರೆ ಸ್ಲೇ ಅಂತಿದ್ರು. ನಮ್ಮ ಆರ್ಕೆಸ್ಟ್ರಾ ಕಡೆ ಹಾಡುಗಾರ ಒಳ್ಳೆ ಮೇಲಿನ ಸ್ವರ ಹಿಡಿದ್ರೆ ಏನಂತಾರೆ? ಧೂಳೆಬ್ಬಿಸ್ಬಿಟ್ಟ, ಕಿತ್ತಾಕ್ಬಿಟ್ಟ, ಚಿಂದಿ ಮಾಡ್ಬಿಟ್ಟ ಅಂತಾರೆ. ಯಾರೂ ಹೋಗಿ ಏನು ಕಿತ್ತ ಅಂತ ನೋಡಲ್ಲ. ಪೋಷಕರು ಗಮನಿಸಿ ಅಂತ ಹಾಕಿದ್ದಕ್ಕೆ ನಮ್ಮಕ್ಕ ಮೈಸೂರಿಂದ ಫೋನ್ ಮಾಡಿ ಅವಳ ಫೋನ್ ಕಿತ್ತಿಟ್ಕೋ ಅಂದ್ಲು, ಅದಕ್ಕೆ ಯಾರು ಜವಾಬ್ದಾರಿ?

ಇನ್ನು 'ಸಿಕ್ಸ್ ಸೆವೆನ್'. ಹತ್ತಕ್ಕೆ ಆರೇಳು ಮಾರ್ಕ್ಸ್, ಸಾಧಾರಣ ಅಂತ ಹಾಕಿದೀರ. ಆರಕ್ಕೇರಲಿಲ್ಲ ಮೂರಕ್ಕಿಳಿಯಲಿಲ್ಲ ಅನ್ನೋ ಥರ ಅಂದ್ಕೊಂಡಿರ್ಬೇಕು. ಫಿಲಡೆಲ್ಫಿಯಾದ ಸ್ಕ್ರಿಲಾ ಅನ್ನೋ ರ‍್ಯಾಪರ್ ಹಾಡಲ್ಲಿ ಬರೋ ನಂಬರ್ ಅದು. ಲಮೆಲೋ ಬಾಲ್ ಅಂತ ಬ್ಯಾಸ್ಕೆಟ್‌ಬಾಲ್ ಆಟಗಾರ ಆರಡಿ ಏಳಿಂಚು ಇದಾನೆ ಅಂತ ಅವನ ವಿಡಿಯೋಗಳಿಗೆ ಆ ಹಾಡು ಅಂಟಿಸಿದ್ರು, ಅಲ್ಲಿಂದ ಎರಡು ಕೈ ತಕ್ಕಡಿ ಥರ ಮೇಲೆ ಕೆಳಗೆ ಆಡಿಸ್ಕೊಂಡು ಮಕ್ಕಳು ಕ್ಲಾಸಲ್ಲಿ ಕೂಗೋಕೆ ಶುರು ಮಾಡಿದ್ರು. ಡಿಕ್ಷನರಿ ಡಾಟ್ ಕಾಮ್‌ನವರು 2025ರ ವರ್ಷದ ಪದ ಅಂತ ಇದನ್ನೇ ಆರಿಸಿದ್ರು. ಅರ್ಥ? ಇಲ್ಲ. ಏನೂ ಇಲ್ಲ. ದೊಡ್ಡೋರು ಅರ್ಥ ಏನು ಅಂತ ಕೇಳ್ಬೇಕು, ಅವರು ನಗ್ಬೇಕು, ಅದೇ ಅದ್ರ ಕೆಲ್ಸ. ನಮ್ಮ ಹುಡುಗಿ ಫೋನಲ್ಲಿ ಇದನ್ನ ಎರಡು ಸಲ ಹೇಳಿದ್ಲು, ಅರ್ಥ ಇಲ್ಲ ಸರ್ ಅಂತ. ಅರ್ಥ ಇಲ್ಲ ಅಂದ್ರೆ ಬಾಕ್ಸ್‌ನಲ್ಲಿ ಜಾಗ ಖಾಲಿ ಬಿಡೋಕಾಗಲ್ಲ ಅಂತ ನೀವೇ ಒಂದು ಹಾಕಿದ್ರಿ.

ರಿಝ್, ಡೆಲುಲು ಸರಿಯಾಗಿ ಹಾಕಿದೀರ, ಅದನ್ನೂ ಹೇಳ್ಬೇಕಲ್ಲ. ರಿಝ್ ಅನ್ನೋದು ಆಕ್ಸ್‌ಫರ್ಡ್‌ನವರ 2023ರ ಪದ, ಡೆಲುಲು ಕೊರಿಯನ್ ಪಾಪ್ ಫ್ಯಾನ್‌ಗಳ ಮನೆ ಮಾತು, ಆಸ್ಟ್ರೇಲಿಯಾ ಪ್ರಧಾನಿ 2025ರಲ್ಲಿ ಪಾರ್ಲಿಮೆಂಟಲ್ಲೇ ಬಳಸಿ ಬಿಟ್ರು.

ಆದ್ರೆ ಪೀಠಿಕೆಯಲ್ಲಿ ಒಂದು ಸಾಲು ಬರೆದ್ರಲ್ಲ, ಇವೆಲ್ಲ ಇಂಟರ್ನೆಟ್ಟು ಹುಟ್ಟಿಸಿದ ಪದಗಳು ಅಂತ, ಅದಕ್ಕೆ ನನ್ನ ತಕರಾರು ಜೋರಿದೆ. ಇಂಟರ್ನೆಟ್ಟು ಏನೂ ಹುಟ್ಟಿಸ್ಲಿಲ್ಲ ಸರ್, ಸಾಗಿಸ್ತು. ಅದು ಲಾರಿ. ಮಾಲು ತುಂಬಿದ ಊರು ಬೇರೆ. ಈ ಪಟ್ಟೀಲಿ ಅರ್ಧಕ್ಕರ್ಧ ಅಮೆರಿಕದ ಕಪ್ಪು ಜನರ ಮಾತು, ಅವರ ಹಾಡಿಂದ, ಅವರ ಬೀದಿಯಿಂದ ಬಂದಿದ್ದು. ಬಿಳಿ ಹುಡುಗ್ರು ಬಳಸಿದ್ಮೇಲೆ ಅದಕ್ಕೆ ಜೆನ್ ಝೀ, ಅಂದ್ರೆ ಈಗಿನ ಹರೆಯದವರ, ಭಾಷೆ ಅಂತ ಹೆಸರು ಬಿತ್ತು, ನಮ್ಮ ಹಾಸನಕ್ಕೆ ಬರೋ ಹೊತ್ತಿಗೆ ಆ ಹೆಸರೂ ಇಲ್ಲ, ಇಂಟರ್ನೆಟ್ ಪದ ಅಷ್ಟೇ. 'ವೋಕ್' ತಗೊಳ್ಳಿ, ನಮ್ಮ ಟಿವಿ ಚರ್ಚೆಗಳಲ್ಲಿ ಯಾರನ್ನಾದ್ರೂ ಹೀಯಾಳಿಸ್ಬೇಕಾದ್ರೆ ವೋಕ್ ಅಂತಾರಲ್ಲ. 1931ರಲ್ಲಿ ಅಲಬಾಮಾ ರಾಜ್ಯದಲ್ಲಿ ಒಂಬತ್ತು ಕಪ್ಪು ಹುಡುಗ್ರ ಮೇಲೆ ಸುಳ್ಳು ಅತ್ಯಾಚಾರದ ಕೇಸ್ ಹಾಕಿದ್ರು, ಸ್ಕಾಟ್ಸ್‌ಬರೋ ಕೇಸ್ ಅಂತ. ಲೆಡ್ ಬೆಲಿ ಅನ್ನೋ ಹಾಡುಗಾರ ಅದ್ರ ಮೇಲೆ ಹಾಡು ಕಟ್ಟಿ 1938ರಲ್ಲಿ ರೆಕಾರ್ಡ್ ಮಾಡಿದಾಗ, ಹಾಡಾದ್ಮೇಲೆ ಮಾತಲ್ಲಿ ಹೇಳ್ತಾನೆ, ಆ ಕಡೆ ಹೋದ್ರೆ ಎಚ್ಚರವಾಗಿರಿ, ಕಣ್ಣು ಬಿಟ್ಕೊಂಡಿರಿ ಅಂತ. ಎಚ್ಚರ ಅನ್ನೋದಕ್ಕೆ ಅವನು ಹೇಳಿದ ಪದ ವೋಕ್. ಜೀವ ಉಳಿಸ್ಕೊಳ್ಳೋಕೆ ಹೇಳಿದ ಮಾತು. ಅದು ಈಗ ಬೈಗುಳ. ಪದ ಯಾರ ಮನೆಯಿಂದ ಬಂತು ಅಂತ ಅರ್ಧ ಸಾಲು ಬರೆಯೋಕೆ ಜಾಗ ಇರ್ಲಿಲ್ವಾ ಸರ್? ಹೆಡ್‌ಫೋನ್ ಹುಡುಗಿ ಫೋಟೋ ನಾಲ್ಕು ಕಾಲಂ ಇತ್ತು.

ಅದೇ 1938ರಲ್ಲೇ ಇನ್ನೊಂದಾಯ್ತು. ಕ್ಯಾಬ್ ಕ್ಯಾಲೋವೇ ಅಂತ ನ್ಯೂಯಾರ್ಕ್ ಊರಿನ ಹಾರ್ಲೆಮ್‌ನ ದೊಡ್ಡ ಬ್ಯಾಂಡ್ ಲೀಡರ್, ಕಪ್ಪು ಜನ, ತಾನೇ ಕೂತು ಒಂದು ಪುಟ್ಟ ನಿಘಂಟು ಮಾಡ್ದ, ಜಾಝ್ ಮಂದಿ ಮಾತಾಡೋ ಪದಗಳದ್ದು. ಆರು ವರ್ಷದಲ್ಲಿ ಮತ್ತೆ ಮತ್ತೆ ತಿದ್ದಿ ಅಚ್ಚು ಹಾಕಿದ. ಜಾಮ್, ಕಾರ್ನಿ, ಗ್ರೂವಿ, ಚಿಕ್, ಇವೆಲ್ಲ ಅದ್ರಲ್ಲಿದಾವೆ. ಬಾರಿಸೋನೇ ಬರೆದ. ಯಾರೂ ಫೋನ್ ಮಾಡಿ ಕೇಳ್ಲಿಲ್ಲ, ಯಾರೂ ಟೋಪಿ ಹಾಕ್ಲಿಲ್ಲ. ಒಂದು ಸಂಗೀತದ ಜನ ತಮ್ಮ ಮಾತನ್ನ ತಾವೇ ಬರ್ಕೊಂಡಿದ್ದಕ್ಕೂ, 54 ವರ್ಷ ಆದ್ಮೇಲೆ ಅದೇ ನ್ಯೂಯಾರ್ಕ್‌ನ ಪೇಪರ್‌ನವರು ಫೋನಲ್ಲಿ ಕೇಳಿ ಬರ್ಕೊಂಡಿದ್ದಕ್ಕೂ ಇರೋ ವ್ಯತ್ಯಾಸ ಇದೇ ಅಂತ ನನ್ನ ಲೆಕ್ಕ.

ಪದಗಳು ದಾರೀಲಿ ಬದಲಾಗೋದು ನನಗೂ ಗೊತ್ತು, ಅದು ತಪ್ಪು ಅಂತಿಲ್ಲ. 'ಮೋಶ್' ಅಂತಾರಲ್ಲ, ಮೆಟಲ್ ಶೋಗಳಲ್ಲಿ ಸ್ಟೇಜ್ ಮುಂದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಂಡು ಕುಣಿಯೋದು, ಅದಕ್ಕೂ ಒಂದು ಕಥೆ ಇದೆ. ವಾಷಿಂಗ್ಟನ್‌ನ ಬ್ಯಾಡ್ ಬ್ರೇನ್ಸ್ ಅನ್ನೋ ಕಪ್ಪು ಹುಡುಗ್ರ ಬ್ಯಾಂಡ್ 80ರ ದಶಕದ ಶುರುವಲ್ಲಿ ಸ್ಟೇಜ್ ಮೇಲಿಂದ 'ಮ್ಯಾಶ್' ಅಂತ ಜಮೈಕಾದ ಧಾಟೀಲಿ ಕೂಗೋರು, ಕೆಳಗಿರೋರಿಗೆ ಅದು ಮೋಶ್ ಅಂತ ಕೇಳಿಸ್ತು, ಹಂಗೇ ಉಳೀತು ಅಂತಾರೆ. ನನಗೆ ಇದು ನಂಬೋಕೆ ಕಷ್ಟ ಏನಿಲ್ಲ, ನನ್ನ ಕಸುಬೇ ಅದು, ಸ್ಟೇಜ್ ಮೇಲೆ ಹೇಳಿದ್ದು ಹಿಂದಿನ ಸಾಲಿಗೆ ಬೇರೇನೇ ಕೇಳಿಸತ್ತೆ. 2007ರ ಮಾರ್ಚ್ 17, ಅರಮನೆ ಮೈದಾನದಲ್ಲಿ ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಬಂದಿತ್ತು, ನಾನಿದ್ದೆ. ಮಧ್ಯದಲ್ಲಿ ಒಂದು ವೃತ್ತ ಬಿಟ್ಕೊಂಡು ಹುಡುಗ್ರು ಮೋಶ್ ಹೊಡೀತಿದ್ರು, ನಾನು ಬಿದ್ದೆ, ಚಪ್ಪಲಿ ಒಂದು ಹೋಯ್ತು, ಮೆಟಲ್ ಶೋಗೆ ಚಪ್ಪಲಿ ಹಾಕ್ಕೊಂಡು ಹೋಗಿದ್ದೆ ನಾನು ಹಾಸನದ ಗಮಾರ. ಬಿದ್ದ ತಕ್ಷಣ ನಾಲ್ಕು ಕೈ ಬಂದು ಎತ್ತಿದ್ವು, ಅದ್ರಲ್ಲೊಬ್ಬ ಕಿವಿ ಹತ್ರ ಬಂದು 'ಮಗಾ ಓಕೇನಾ?' ಅಂದ. ಇಂಗ್ಲಿಷ್ ಬ್ಯಾಂಡು, ಜಮೈಕಾದ ಪದ, ಬೆಂಗಳೂರಿನ ಮಗಾ. ಇದು ಸ್ಲ್ಯಾಂಗು. ನಿಮ್ಮ ಬಾಕ್ಸ್‌ನಲ್ಲಿ ಮಗಾ ಅನ್ನೋದೇ ಇಲ್ಲ, ನೋಡಿದ್ರಾ?

ಮಗಾ ಇಲ್ಲ, ಮಚ್ಚಾ ಇಲ್ಲ, ಗುರು ಇಲ್ಲ, ಸಿಸ್ಯಾ ಇಲ್ಲ. 'ಸಕ್ಕತ್' ಇಲ್ಲ. ಸಕ್ಕತ್ ಅನ್ನೋದು ಉರ್ದುವಿನ ಸಖ್ತ್, ಗಟ್ಟಿ, ಕಠಿಣ ಅಂತ, ಅದು ನಮ್ಮ ಬಾಯಲ್ಲಿ ಬಲು ಚೆನ್ನಾಗಿದೆ ಅಂತಾಯ್ತು, ಇದಕ್ಕಿಂತ ಒಳ್ಳೆ ಸ್ಲ್ಯಾಂಗ್ ಕಥೆ ಬೇಕಾ. ಕೊರೀಬೇಡ, ಕಾಗೆ ಹಾರಿಸ್ಬೇಡ, ಡವ್ ಮಾಡ್ಬೇಡ, ಸೀನ್ ಇಲ್ಲ, ಚಿತ್ರಾನ್ನ ಆಗೋಯ್ತು, ಇವೆಲ್ಲ ನಮ್ಮ ಹುಡುಗ್ರು ದಿನಾ ಟೈಪ್ ಮಾಡೋದೇ. ಹುಬ್ಬಳ್ಳಿ ಕಡೆಯ ದೋಸ್ತಾ, ಮಂಗ್ಳೂರಿನ ಮಾರಾಯ ಇಲ್ಲದೇ ಕರ್ನಾಟಕದ ಯುವಜನರ ಭಾಷೆ ಅಂತ ಹೆಡ್ಡಿಂಗ್ ಹೆಂಗೆ ಕೊಟ್ರಿ? ಕನ್ನಡದಲ್ಲಿ ರ‍್ಯಾಪ್ ಮಾಡೋರು ಇಷ್ಟು ಜನ ಇದಾರೆ, ಆಲ್ ಓಕೆ, ಎಂಸಿ ಬಿಜ್ಜು, ಚಂದನ್ ಶೆಟ್ಟಿ, ಅವರಲ್ಲಿ ಒಬ್ಬರನ್ನ ಕೂರಿಸ್ಕೊಂಡು ಕೇಳಿದ್ರೆ ಅರ್ಧ ಗಂಟೇಲಿ ಒಂದು ಪುಟ ತುಂಬತ್ತೆ. ನಮ್ಮೂರ ತಮಟೆ ಹುಡುಗ್ರನ್ನ ಕೇಳಿದ್ರೆ ಇನ್ನೊಂದು ಪುಟ. ಗಣಪತಿ ಬಿಡುವಾಗ ಅವರು ಒಬ್ಬರಿಗೊಬ್ಬರು ಕೂಗೋ ಸನ್ನೆ ಮಾತು ಎಷ್ಟಿದೆ ಅಂದ್ರೆ ಪಕ್ಕದಲ್ಲೇ ಜನರೇಟರ್ ಗಾಡಿ ಜೊತೆ ನಡೆಯೋ ನನಗೇ ಅರ್ಧ ಅರ್ಥ ಆಗಲ್ಲ, ಕೇಳಿದ್ರೆ ನಗ್ತಾರೆ. ಆ ನಗು ಇದೆಯಲ್ಲ, ಸಿಕ್ಸ್ ಸೆವೆನ್ ಮಕ್ಕಳು ನಗೋದೂ ಅದೇ.

ನಂಬರ್ ವಿಷ್ಯಕ್ಕೆ ಬಂದಿದ್ದಕ್ಕೆ ಇದೊಂದು ಹೇಳ್ಬಿಡ್ತೀನಿ, ಸ್ವಲ್ಪ ದಾರಿ ತಪ್ಪಿದ್ರೂ ಪರ್ವಾಗಿಲ್ಲ. ಒಂದ್ಸಲ ಬೆಂಗಳೂರಿಂದ ಡಿಜೆ ಹುಡುಗ ಒಬ್ಬ ನಮ್ಮನೇಲಿ ಉಳ್ಕೊಂಡಿದ್ದ, ಬೆಳಗ್ಗೆ ಕಾಫಿಗೆ ಬಂದ್ರೆ ಟೀಶರ್ಟ್ ಮೇಲೆ ಇಷ್ಟು ದಪ್ಪಕ್ಕೆ 420 ಅಂತ. ನಮ್ಮಮ್ಮ ಲೋಟ ಕೊಡ್ತಾ ಕೊಡ್ತಾ ನಿಂತು ಓದಿ, 'ಅಲ್ಲಪ್ಪ, ಒಳ್ಳೆ ಮನೆ ಹುಡುಗನ ಥರ ಇದೀಯ, ಎದೆ ಮೇಲೆ ಯಾಕೆ ಫೋರ್‌ಟ್ವೆಂಟಿ ಅಂತ ಬರ್ಕೊಂಡಿದೀಯ?' ಅಂದ್ರು. ಅವನಿಗೆ ಅಮೆರಿಕದ ಅರ್ಥ, 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ಹೈಸ್ಕೂಲ್‌ನ ಐದು ಜನ ಹುಡುಗ್ರು ಗಾಂಜಾ ಸೇದೋಕೆ ನಾಲ್ಕು ಇಪ್ಪತ್ತಕ್ಕೆ ಸೇರ್ತಿದ್ರು, ಆ ಗುಟ್ಟಿನ ಮಾತು ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಫ್ಯಾನ್‌ಗಳ ಮೂಲಕ ಊರೂರಿಗೆ ಹೋಯ್ತು. ಅಮ್ಮನಿಗೆ ಇಂಡಿಯನ್ ಪೀನಲ್ ಕೋಡ್ ಅರ್ಥ, ವಂಚಕ. ಇಬ್ಬರೂ ಕರೆಕ್ಟು. ತಮಾಷೆ ಏನಂದ್ರೆ 2024ರ ಜುಲೈ 1ರಿಂದ ಆ ಸೆಕ್ಷನ್ನೇ ಇಲ್ಲ, ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆ 318ಕ್ಕೆ ಹೋಗಿದೆ, ಆದ್ರೆ ಯಾರಾದ್ರೂ ಏ ತ್ರೀ ಏಟೀನ್ ನನ್ಮಗನೇ ಅಂತ ಬೈದಿದ್ದು ಕೇಳಿದೀರಾ? ಸರ್ಕಾರ ಗೆಜೆಟ್ ಹೊರಡಿಸಿದ್ರೂ ಬೈಗುಳ ಬದಲಾಗಲ್ಲ.

ಹಂಗಾಗಿ ನನ್ನ ಕೋರಿಕೆ ಎರಡೇ. ಒಂದು, ಆ ಆರು ಪದಕ್ಕೆ ತಿದ್ದುಪಡಿ ಹಾಕಿ, ಮೂಲೇಲಿ ಚಿಕ್ಕದಾಗಾದ್ರೂ ಪರ್ವಾಗಿಲ್ಲ, ಸ್ಲೇ ಅನ್ನೋದನ್ನ ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿ, ನಮ್ಮಕ್ಕ ಓದ್ಬೇಕು, ಹುಡುಗಿ ಫೋನ್ ಇನ್ನೂ ನನ್ನ ಬೀರುವಲ್ಲೇ ಇದೆ. ಎರಡು, ಮುಂದಿನ ಸಲ ಇಂಥ ಪಟ್ಟಿ ಮಾಡೋವಾಗ ಫೋನ್ ಮಾಡ್ಬೇಡಿ, ಎದುರಿಗೆ ಕೂತು ಕೇಳಿ. ಮುಖ ನೋಡಿದ್ರೆ ಗೊತ್ತಾಗತ್ತೆ, ತುಟಿ ಹೆಂಗೆ ಬಿಗಿ ಹಿಡ್ಕೊಂಡಿದಾರೆ ಅಂತ. ಅರ್ಥ ಇಲ್ಲ ಅಂದ್ರೆ ಅರ್ಥ ಇಲ್ಲ ಅಂತಲೇ ಹಾಕಿ.

ಆ ಎರಡು ಸುಳ್ಳು ಪದದ ವಿಷ್ಯದಲ್ಲಿ ಮಾತ್ರ ಒಂದು ತೊಡಕು ಬಂದಿದೆ. 'ಸೈಲೆಂಟ್ ಸಾರು' ಯಾರ ಬಾಯಲ್ಲೂ ನಿಲ್ಲಲಿಲ್ಲ, ಅದನ್ನ ಧಾರಾಳವಾಗಿ ತೆಗೀರಿ. ಆದ್ರೆ ಮೊನ್ನೆ ಭಾನುವಾರ ನಮ್ಮ ಬೀದೀಲಿ ನೀರಿನ ಸರದಿ ಬಗ್ಗೆ ಜಗಳ, ಮೊದ್ಲು ವಾಟ್ಸ್ಯಾಪ್ ಗ್ರೂಪಲ್ಲಿ ಶುರುವಾಗಿ ಆಮೇಲೆ ಗೇಟ್ ಹತ್ರ ಬಂತು, ಮುಕ್ಕಾಲು ಗಂಟೆ ಆಯ್ತು, ಮೊದ್ಲು ಯಾರ್ ಏನ್ ಅಂದ್ರು ಅನ್ನೋದ್ರಿಂದ ಮತ್ತೆ ಶುರು ಮಾಡಿದ್ರು. ನಮ್ಮಮ್ಮ ಒಗೆದ ಬಟ್ಟೆ ಬಕೆಟ್ ಹಿಡ್ಕೊಂಡು ಅಲ್ಲೇ ನಿಂತು ಕೇಳ್ತಿದ್ರು. 'ಸಾಕು ಬಿಡ್ರೋ, ಕೊಡ್ಬಳೆ ಆಯ್ತು' ಅಂದ್ರು. ಎದುರು ಮನೆಯವರು ನಿಮ್ಮ ಪೇಪರ್ ಓದಿದ್ರು, ಅರ್ಥ ಆಯ್ತು, ನಕ್ಕು ಒಳಗೆ ಹೋದ್ರು.

ಇತಿ,
ನಿಮ್ಮ ಓದುಗ, ಸೌಂಡ್ ಸರ್ವಿಸ್‌ನವನು
ಹಾಸನ